ಇಂದಿನ ಧಮ್ಮ ಚಿಂತನೆ: ಹೊಟ್ಟೆ ಚಿಕ್ಕದಾದ ಮೇಲೂ ಊಟದ ಅಳತೆ ಬಲ್ಲವರಾಗೋಣ

ಇಂದಿನ ಚಿಂತನೆಯ ವಿಷಯ *ಭೋಜನೇ ಮತ್ತಞ್ಞುತಾ*. ಊಟದಲ್ಲಿ ಅಳತೆ ಬಲ್ಲವರಾಗಿರುವುದು ಎಂದು ಇದರ ಅರ್ಥ. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ನಮ್ಮ ಅಧ್ಯಯನ ವೃತ್ತದಲ್ಲೂ ಇದ್ದಾರೆ. ನಾನೂ ಅವರಲ್ಲೊಬ್ಬಳು. ಹೊಸದಾಗಿ ಈ ಚಿಕಿತ್ಸೆ ಆದ ತಂಗಿಯೊಬ್ಬಳು ಮೊನ್ನೆ ಕೇಳಿದಳು: "ಅಕ್ಕ, ಹೊಟ್ಟೆಯನ್ನೇ ಕತ್ತರಿಸಿ ಚಿಕ್ಕದು ಮಾಡಿದ್ದಾರೆ. ಜಾಸ್ತಿ ತಿನ್ನೋಕೇ ಆಗಲ್ಲ. ಇನ್ನು ಅಳತೆಯ ಪಾಠ ನನಗೆ ಯಾಕೆ?" ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಎಲ್ಲರಿಗೂ ಬೇಕಾದದ್ದು ಅನ್ನಿಸಿದ್ದರಿಂದ ಇಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸುತ್ತದ ಕಡೆ ಹೋಗೋಣ.

*ಪಸೇನದಿ ರಾಜನ ಊಟ*

ಸಂಯುತ್ತ ನಿಕಾಯದಲ್ಲಿ ದೋಣಪಾಕ ಸುತ್ತ ಎಂಬ ಚಿಕ್ಕ ಸುತ್ತವಿದೆ. ಕೋಸಲದ ರಾಜ ಪಸೇನದಿ ಒಂದು ದೋಣ ಅಕ್ಕಿಯ ಅನ್ನ ಉಣ್ಣುತ್ತಿದ್ದ. ದೋಣ ಅಂದರೆ ನಮ್ಮ ಕೊಳಗದಂಥ ದೊಡ್ಡ ಅಳತೆ. ಒಂದು ದಿನ ಹಾಗೆ ಉಂಡು, ಏದುಸಿರು ಬಿಡುತ್ತಾ ಸಾವತ್ಥಿಯಲ್ಲಿದ್ದ ಭಗವಾನರ ಬಳಿಗೆ ಬಂದು ಕೂತ. ಭಗವಾನರು ಅವನ ಸ್ಥಿತಿ ನೋಡಿ ಒಂದು ಗಾಥೆ ಹೇಳಿದರು. ಸದಾ ಸತಿಯಿಂದಿರುವವನು, ಸಿಕ್ಕ ಊಟದಲ್ಲಿ ಅಳತೆ ಬಲ್ಲವನು, ಅಂಥವನ ವೇದನೆಗಳು ತೆಳುವಾಗುತ್ತವೆ, ಅವನಿಗೆ ಮುಪ್ಪು ನಿಧಾನವಾಗಿ ಬರುತ್ತದೆ, ಆಯುಸ್ಸು ಉಳಿಯುತ್ತದೆ ಎಂಬುದು ಅದರ ತಾತ್ಪರ್ಯ.

ರಾಜನ ಹಿಂದೆ ಸುದಸ್ಸನ ಎಂಬ ಯುವಕ ನಿಂತಿದ್ದ. ರಾಜ ಅವನಿಗೆ ಹೇಳಿದ: ಈ ಗಾಥೆ ಕಲಿತುಕೊ, ನಾನು ಊಟಕ್ಕೆ ಕೂತಾಗಲೆಲ್ಲ ಹೇಳು, ದಿನಕ್ಕೆ 100 ಕಹಾಪಣ ಕೊಡುತ್ತೇನೆ. ಯುವಕ ಹಾಗೇ ಮಾಡಿದ. ರಾಜನ ಊಟ ಕ್ರಮೇಣ ಇಳಿದು ಒಂದು ನಾಳಿ ಅಕ್ಕಿಯ ಅನ್ನಕ್ಕೆ ಬಂದು ನಿಂತಿತು. ಮೈ ಹಗುರವಾದ ಮೇಲೆ ರಾಜ ತನ್ನ ಮೈಯನ್ನು ತಾನೇ ಸವರಿಕೊಂಡು, ಭಗವಾನರು ನನ್ನ ಮೇಲೆ ಅನುಕಂಪ ತೋರಿದರು ಎಂದು ಹೇಳಿಕೊಂಡ.

ಇಲ್ಲಿ ಮೂರು ವಿಷಯ ಗಮನಿಸಿ. ಒಂದು, ಭಗವಾನರು ರಾಜನನ್ನು ಹೊಟ್ಟೆಬಾಕ ಎಂದು ಹೀಯಾಳಿಸಲಿಲ್ಲ. ಎರಡು, ಗಾಥೆಯಲ್ಲಿ ಸತಿ ಮೊದಲು, ಅಳತೆ ಆಮೇಲೆ. ಮೂರು, ರಾಜ ಒಬ್ಬನೇ ಬದಲಾಗಲಿಲ್ಲ. ಪಕ್ಕದಲ್ಲಿ ನೆನಪಿಸುವವನೊಬ್ಬ ಇದ್ದ.

ನಮ್ಮಲ್ಲೂ ಗಾದೆ ಇದೆ: ಊಟ ಬಲ್ಲವನಿಗೆ ರೋಗವಿಲ್ಲ. ಗಾದೆ ಊಟ *ಬಿಟ್ಟವನಿಗೆ* ಎನ್ನುವುದಿಲ್ಲ, *ಬಲ್ಲವನಿಗೆ* ಎನ್ನುತ್ತದೆ. ಮತ್ತಞ್ಞೂ ಅಂದರೂ ಅದೇ, ಅಳತೆ ಬಲ್ಲವ.

*ಶಸ್ತ್ರಚಿಕಿತ್ಸೆ ಸೋಲಲ್ಲ*

"ಬಾಯಿ ಕಟ್ಟೋಕಾಗದೆ ಹೊಟ್ಟೆ ಕೊಯ್ಸಿಕೊಂಡರು" ಎಂಬ ಮಾತು ನಾನೂ ಕೇಳಿದ್ದೇನೆ. ಹಾಗೆನ್ನುವವರು ವಿನಯ ಪಿಟಕದ ಮಹಾವಗ್ಗದಲ್ಲಿ ಜೀವಕನ ಕತೆ ಓದಬೇಕು. ವಾರಾಣಸಿಯ ಶ್ರೇಷ್ಠಿಯ ಮಗನಿಗೆ ಕರುಳು ಗಂಟು ಬಿದ್ದು ಗಂಜಿ ಕೂಡ ಜೀರ್ಣವಾಗುತ್ತಿರಲಿಲ್ಲ. ಜೀವಕ ಹೊಟ್ಟೆಯನ್ನು ಸೀಳಿ, ಗಂಟು ಬಿಡಿಸಿ, ಮತ್ತೆ ಹೊಲಿದು ಮುಲಾಮು ಹಚ್ಚಿದ. ಭಗವಾನರಿಗೂ ಸಂಘಕ್ಕೂ ಚಿಕಿತ್ಸೆ ಮಾಡುತ್ತಿದ್ದ ವೈದ್ಯ ಇದೇ ಜೀವಕ. ದೇಹದ ಕಾಯಿಲೆಗೆ ವೈದ್ಯರ ಬಳಿ ಹೋಗುವುದು ಧಮ್ಮಕ್ಕೆ ಹೊರತಾದದ್ದಲ್ಲ.

ದಪ್ಪ ಆಗುವುದು ಹಿಂದಿನ ಜನ್ಮದ ಕರ್ಮವೂ ಅಲ್ಲ, ಪಾಪದ ಫಲವೂ ಅಲ್ಲ. ಹಿಂದಿನ ಜನ್ಮದ ಲೆಕ್ಕ ಹೇಳಿ ಇಂದಿನ ಸಂಕಟವನ್ನು ಒಪ್ಪಿಸುವ ವಾದವನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ತಳ್ಳಿಹಾಕಿದ್ದಾರೆ. ಕಾರಣಗಳು ಇಲ್ಲೇ ಇವೆ. ಅನುವಂಶೀಯತೆ, ಹಾರ್ಮೋನು, ನಿದ್ದೆಗೆಟ್ಟ ದುಡಿಮೆ, ಒತ್ತಡ, ಕೈಗೆ ಅಗ್ಗವಾಗಿ ಸಿಗುವ ಆಹಾರ, ಎಲ್ಲ ಸೇರಿ ಆಗುವಂಥದ್ದು. ಕಾರಣವಿದ್ದರೆ ಕಾರ್ಯ. ಕಾರಣಗಳನ್ನು ತಿಳಿದು ಒಂದೊಂದಾಗಿ ಬದಲಿಸುವುದು ನಮ್ಮ ದಾರಿ.

*ಹಾಗಾದರೆ ಅಳತೆಯ ಪಾಠ ಯಾಕೆ?*

ಸ್ಲೀವ್ ಎಂಬ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆಯುತ್ತಾರೆ. ಬಾಳೆಹಣ್ಣಿನ ಆಕಾರದ ಒಂದು ಕೊಳವೆ ಉಳಿಯುತ್ತದೆ. ಬೈಪಾಸ್‌ನಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ ಅದನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ಹಸಿವಿನ ಹಾರ್ಮೋನಾದ ಗ್ರೆಲಿನ್ ಹೆಚ್ಚಾಗಿ ತಯಾರಾಗುವ ಭಾಗವೂ ಸ್ಲೀವ್‌ನಲ್ಲಿ ಹೋಗುವುದರಿಂದ ಮೊದಲ ಕೆಲವು ತಿಂಗಳು ಹಸಿವೆಯೇ ಕಡಿಮೆ. ತಂಗಿ ಈಗ ಆ ಹಂತದಲ್ಲಿದ್ದಾಳೆ. ಅದಕ್ಕೇ ಅಳತೆಯ ಪಾಠ ಬೇಡ ಅನ್ನಿಸುತ್ತಿದೆ.

ಆದರೆ ಬಂಧುಗಳೇ, ವೈದ್ಯರು ಜಠರವನ್ನು ಚಿಕ್ಕದು ಮಾಡಬಲ್ಲರು, ತಣ್ಹೆಯನ್ನಲ್ಲ. ತಿಂಗಳುಗಳು ಕಳೆದಂತೆ ಹಲವರಿಗೆ ಹಸಿವೆ ಮರಳುತ್ತದೆ, ಜಠರ ಹಿಡಿಸುವ ಪ್ರಮಾಣವೂ ಸ್ವಲ್ಪ ಹೆಚ್ಚುತ್ತದೆ. ಜೊತೆಗೆ ಇನ್ನೊಂದು ಗುಟ್ಟು ಇದೆ. ಎರಡು ಮೊಟ್ಟೆ, ಒಂದಿಷ್ಟು ಕಾಳು ತಿಂದರೆ ಹೊಟ್ಟೆ ಬಿಗಿಯುತ್ತದೆ. ಐಸ್‌ಕ್ರೀಮು, ಜ್ಯೂಸು, ಬಾಯಲ್ಲಿ ಕರಗುವ ಚಿಪ್ಸು, ಬಿಸ್ಕತ್ತು ಮಾತ್ರ ಹೊಟ್ಟೆಯನ್ನು ಬಿಗಿಯದೆ ಸಲೀಸಾಗಿ ಜಾರಿಹೋಗುತ್ತವೆ. ಟಿವಿ ಮುಂದೆ ಕೂತು ಬೆಳಗಿಂದ ಸಂಜೆವರೆಗೆ ಚೂರು ಚೂರೇ ಬಾಯಾಡಿಸಿದರೆ, ಎಷ್ಟೇ ಚಿಕ್ಕ ಹೊಟ್ಟೆಯೂ ತಡೆಯದು. ಇಳಿದ ತೂಕ ಮತ್ತೆ ಏರುವುದು ಬಹುಮಟ್ಟಿಗೆ ಈ ದಾರಿಯಿಂದ. ಚಿಕಿತ್ಸೆ ಒಂದು ಬಾಗಿಲು ಹಾಕಿಕೊಟ್ಟಿದೆ. ಬಾಗಿಲಲ್ಲಿ ಕಾವಲಿಗೆ ಕೂರಬೇಕಾದ್ದು ಸತಿ.

*ಹಳೆಯ ವೇದನೆ, ಹೊಸ ವೇದನೆ*

ಭಿಕ್ಖುಗಳು ಊಟಕ್ಕೆ ಮುಂಚೆ ಮಾಡುವ ಪರ್ಯಾಲೋಚನೆಯನ್ನು ನಮ್ಮ ಹಿರಿಯರು ತರಗತಿಯಲ್ಲಿ ವಿವರಿಸಿದ್ದು ನಿಮಗೆ ನೆನಪಿರಬಹುದು. ಈ ಊಟ ಆಟಕ್ಕಲ್ಲ, ಮದಕ್ಕಲ್ಲ, ಅಂದಚಂದಕ್ಕಲ್ಲ, ಈ ಕಾಯ ನಿಲ್ಲಲಿ, ಸಾಧನೆಗೆ ಒದಗಲಿ ಎಂದು. ಹಸಿವು ಎಂಬ ಹಳೆಯ ವೇದನೆಯನ್ನು ಕಳೆಯುತ್ತೇನೆ, ಅತಿಯಾಗಿ ಉಂಡು ಹೊಸ ವೇದನೆಯನ್ನು ಹುಟ್ಟಿಸಿಕೊಳ್ಳುವುದಿಲ್ಲ ಎಂಬ ಭಾವವೂ ಅದರಲ್ಲಿದೆ.

ಚಿಕಿತ್ಸೆಯಾದವರಿಗೆ ಇದು ಪುಸ್ತಕದ ಮಾತಲ್ಲ, ಪ್ರತಿ ಊಟದ ಅನುಭವ. ಹಳೆಯ ವೇದನೆಗೂ ಹೊಸ ವೇದನೆಗೂ ನಡುವೆ ನಮಗೆ ಒಂದೇ ತುತ್ತಿನ ಅಂತರ. ಆ ಒಂದು ತುತ್ತು ಹೆಚ್ಚಾಯಿತೆಂದರೆ ಎದೆ ಮೂಳೆಯ ಕೆಳಗೆ ಒತ್ತುತ್ತದೆ, ಬಿಕ್ಕಳಿಕೆ ಬರುತ್ತದೆ, ಕೆಲವರಿಗೆ ಮೂಗು ಸೋರುತ್ತದೆ, ಆಮೇಲೆ ವಾಂತಿ. ದೇಹ ಮುಂಚೆಯೇ ಸಣ್ಣ ದನಿಯಲ್ಲಿ ಹೇಳುತ್ತದೆ. ಕೇಳಿಸಿಕೊಳ್ಳಲು ನಿಧಾನವಾಗಿ ಉಣ್ಣಬೇಕು.

ಸತಿಪಟ್ಠಾನ ಸುತ್ತದಲ್ಲಿ ಎಚ್ಚರದಿಂದ ಮಾಡಬೇಕಾದ ಕೆಲಸಗಳನ್ನು ಹೇಳುವಾಗ ತಿನ್ನುವುದು, ಕುಡಿಯುವುದು, ಅಗಿಯುವುದು, ಸವಿಯುವುದು ಎಂದು ನಾಲ್ಕನ್ನೂ ಬೇರೆ ಬೇರೆಯಾಗಿ ಹೆಸರಿಸಲಾಗಿದೆ. ಆಹಾರ ತಜ್ಞರು ನಮಗೆ ಹೇಳುವುದೂ ಅದನ್ನೇ. ಚಿಕ್ಕ ತುತ್ತು ತೆಗೆದುಕೊಳ್ಳಿ, 20ರಿಂದ 30 ಸಲ ಅಗಿಯಿರಿ, ಊಟದ ಜೊತೆ ನೀರು ಕುಡಿಯಬೇಡಿ, ಊಟವಾಗಿ ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಿರಿ.

ಮಂಡ್ಯ, ಮೈಸೂರು ಕಡೆಯ ನಮಗೆ ಇದು ಸುಲಭವಲ್ಲ. ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗುವುದೇ ನಮ್ಮ ರೂಢಿ. ಅಗಿದರೆ ಪಕ್ಕದವರು ನಗುತ್ತಾರೆ. ಹಾಗಂತ ರಾಗಿಯನ್ನು ಬಿಡಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮೊದಲ ತಿಂಗಳುಗಳಲ್ಲಿ ವೈದ್ಯರು ಒಪ್ಪಿದ ಹಂತದಲ್ಲಿ ಮಜ್ಜಿಗೆ ಹಾಕಿದ ತೆಳು ಅಂಬಲಿ ಕುಡಿಯಬಹುದು. ಮುಂದೆ ನಿಂಬೆಹಣ್ಣಿನಷ್ಟು ಮುದ್ದೆಯನ್ನು ಚೂರು ಚೂರಾಗಿ ಉಣ್ಣಬಹುದು. ನಾನು ಹಾಗೇ ಉಣ್ಣುತ್ತಿದ್ದೇನೆ.

ಥೇರಗಾಥೆಯಲ್ಲಿ ಸಾರಿಪುತ್ತ ಥೇರರ ಒಂದು ಮಾತಿದೆ. ಇನ್ನು ನಾಲ್ಕೈದು ತುತ್ತು ಬೇಕು ಅನ್ನುವಾಗಲೇ ನಿಲ್ಲಿಸಿ ನೀರು ಕುಡಿಯಬೇಕು, ನೆಮ್ಮದಿಗೆ ಅಷ್ಟು ಸಾಕು ಎಂಬುದು ಅದರ ಸಾರ. ನಾವು ಅದರ ತಿರುಳನ್ನು ಹಿಡಿಯೋಣ: ಹೊಟ್ಟೆ ತುಂಬುವ ಮುಂಚೆ ನಿಲ್ಲಿಸುವುದು. ನೀರನ್ನು ಮಾತ್ರ ಅರ್ಧ ಗಂಟೆ ಬಿಟ್ಟು ಕುಡಿಯೋಣ. ಸುತ್ತವನ್ನೂ ದೇಹಕ್ಕೆ ತಕ್ಕಂತೆ ವಿವೇಕದಿಂದ ಬಳಸುವುದೇ ಧಮ್ಮ.

*ತಟ್ಟೆಯಲ್ಲಿ ಏನಿರಬೇಕು?*

ಚಿಕ್ಕ ಹೊಟ್ಟೆಯಲ್ಲಿ ಜಾಗ ಕಡಿಮೆ. ಹಾಗಾಗಿ ಮೊದಲ ಜಾಗ ಪ್ರೋಟೀನಿಗೆ. ಸಾಮಾನ್ಯವಾಗಿ ದಿನಕ್ಕೆ 60ರಿಂದ 80 ಗ್ರಾಂ ಬೇಕು ಎನ್ನುತ್ತಾರೆ. ಒಂದು ಕೋಳಿಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಅಂದರೆ ಪ್ರತಿ ಊಟದಲ್ಲೂ ಲೆಕ್ಕ ಇಟ್ಟೇ ತಿನ್ನಬೇಕು. ನಮ್ಮ ಮನೆಗಳ ತಟ್ಟೆಯಲ್ಲಿ ಅನ್ನ, ಮುದ್ದೆ ಬೆಟ್ಟದಷ್ಟು, ಕಾಳು ಅಲ್ಲೊಂದು ಇಲ್ಲೊಂದು. ಈಗ ಅದನ್ನು ತಿರುಗಿಸಬೇಕು. ಮೊದಲು ಮೊಟ್ಟೆ, ಮೀನು, ಕೋಳಿ, ಬೇಳೆ, ಕಾಳು, ಮೊಸರು, ಪನೀರು, ಸೋಯಾ. ಆಮೇಲೆ ತರಕಾರಿ. ಕೊನೆಗೆ ಜಾಗ ಉಳಿದರೆ ಅನ್ನ, ಮುದ್ದೆ.

"ಬೌದ್ಧರಾದಿರಿ, ಆಪರೇಷನ್ನೂ ಆಯಿತು, ಇನ್ನಾದರೂ ಬಾಡು ಬಿಟ್ಟು ಸಾತ್ವಿಕ ಊಟ ಮಾಡಿ" ಎಂದು ಬುದ್ಧಿ ಹೇಳುವವರು ಸಿಗುತ್ತಾರೆ. ಸಾತ್ವಿಕ, ತಾಮಸ ಎಂದು ಊಟಕ್ಕೂ ಮೇಲುಕೀಳು ಕಟ್ಟುವ ಲೆಕ್ಕ ನಮ್ಮದಲ್ಲ. ಸುತ್ತನಿಪಾತದ ಆಮಗಂಧ ಸುತ್ತ ಹೇಳುವುದು ಇದು: ದುರ್ವಾಸನೆ ಇರುವುದು ಮಾಂಸದ ಊಟದಲ್ಲಲ್ಲ. ಕೊಲೆ, ಕಳವು, ಸುಳ್ಳು, ವಂಚನೆಯಂಥ ನಡತೆಯಲ್ಲಿ. ಬಾಬಾಸಾಹೇಬರೂ ಅಹಿಂಸೆಯನ್ನು ವಿವರಿಸುವಾಗ, ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎಂದು ಬಿಡಿಸಿ ತೋರಿಸಿದ್ದಾರೆ. ಕರುಣೆಯಿಂದ ಮಾಂಸ ಬಿಟ್ಟವರನ್ನು ಗೌರವಿಸೋಣ. ಅವರು ಬೇಳೆ, ಸೋಯಾ, ಮೊಸರಿನಿಂದ ಲೆಕ್ಕ ತುಂಬಿಸಿಕೊಳ್ಳಲಿ. ಆದರೆ ನಾಚಿಕೆಯಿಂದ ಯಾರೂ ಮೊಟ್ಟೆ, ಮಾಂಸ ಬಿಟ್ಟು ಸೊರಗಬಾರದು.

ಸಿಹಿಯ ವಿಷಯದಲ್ಲಿ ಎಚ್ಚರ. ಮುಖ್ಯವಾಗಿ ಬೈಪಾಸ್ ಆದವರು ಹೋಳಿಗೆ, ಪಾಯಸ ತಿಂದರೆ ಸಕ್ಕರೆ ನೇರ ಕರುಳಿಗೆ ಇಳಿದು ಬೆವರು, ಎದೆಬಡಿತ, ಭೇದಿ ಶುರುವಾಗಬಹುದು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಮಾತ್ರೆಗಳು ವೈದ್ಯರು ಹೇಳಿದಂತೆ ಜೀವನಪೂರ್ತಿ ಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಒಟ್ಟಿಗೆ ನುಂಗಬೇಡಿ, ನಡುವೆ ಎರಡು ಗಂಟೆ ಬಿಡಿ. ವಾಂತಿ ನಿಲ್ಲದೆ ಮುಂದುವರಿದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ. ಬಿ1 ವಿಟಮಿನ್ ಇಳಿದರೆ ನರಗಳಿಗೆ ಪೆಟ್ಟು ಬೀಳುತ್ತದೆ.

ಪಂಚಶೀಲದ ಐದನೆಯ ಶೀಲ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಎಂಬ ಪ್ರತಿಜ್ಞೆ, ಇವು ನಮಗೆ ಈಗ ಇಮ್ಮಡಿ ರಕ್ಷೆ. ಈ ಚಿಕಿತ್ಸೆಯ ನಂತರ, ಅದರಲ್ಲೂ ಬೈಪಾಸ್ ಆದವರಲ್ಲಿ, ಮದ್ಯ ಬೇಗ ರಕ್ತಕ್ಕೆ ಸೇರಿ ಹೆಚ್ಚು ಏರುತ್ತದೆ, ಚಟ ಹತ್ತುವ ಅಪಾಯವೂ ಹೆಚ್ಚು. ತಿನ್ನುವ ಚಪಲ ಕುಡಿಯುವ ಚಪಲವಾಗಿ ವೇಷ ಬದಲಿಸದಂತೆ ನೋಡಿಕೊಳ್ಳಿ.

*ಕೊನೆಯ ಪಂಕ್ತಿಯ ಊಟ*

ಈಗ ನನ್ನ ಮನಸ್ಸಿಗೆ ತುಂಬ ಹತ್ತಿರದ ವಿಷಯ.

1927ರ ಮಾರ್ಚ್‌ನಲ್ಲಿ ಮಹಾಡ್‌ನ ಪರಿಷತ್ತಿನಲ್ಲಿ ಬಾಬಾಸಾಹೇಬರು ನಮ್ಮ ಜನಕ್ಕೆ ನೀರಿನ ಹಕ್ಕಿನ ಜೊತೆ ಊಟದ ಸ್ವಾಭಿಮಾನವನ್ನೂ ಕಲಿಸಿದರು. ಸತ್ತ ದನದ ಮಾಂಸ ಬಿಡಿ, ಇತರರು ಎಸೆದ ಎಂಜಲಿಗೆ ಕೈ ಒಡ್ಡಬೇಡಿ ಎಂದರು. ಊರವರ ಎಂಜಲನ್ನು ನಾವು ಬಿಟ್ಟೆವು. ಮನೆಯೊಳಗೆ ನೋಡೋಣ. ಗಂಡ, ಮಕ್ಕಳು ಉಂಡು ಎದ್ದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದು ಹೆಂಗಸಿಗೆ. ಬಾಡಿನ ತುಂಡು ಗಂಡಸರ ತಟ್ಟೆಗೆ, ಸಾರು ಅವಳಿಗೆ. ಮಕ್ಕಳು ಬಿಟ್ಟ ಅನ್ನ "ಹಾಳಾಗಬಾರದು" ಎಂದು ಅವಳ ಬಾಯಿಗೆ.

ಚಿಕಿತ್ಸೆಯಾದ ಹೆಣ್ಣುಮಗಳು ಹೀಗೇ ಉಂಡರೆ ಏನಾಗುತ್ತದೆ? ಹೊತ್ತಿಗೆ ಸರಿಯಾಗಿ ಪ್ರೋಟೀನ್ ಸಿಗದೆ ಕೂದಲು ಉದುರುತ್ತದೆ, ರಕ್ತ ಇಳಿಯುತ್ತದೆ, ಮಂಡಿಯಲ್ಲಿ ಬಲ ಇರುವುದಿಲ್ಲ. ಜನ ಶಸ್ತ್ರಚಿಕಿತ್ಸೆಯನ್ನು ಬೈಯುತ್ತಾರೆ. ಕಾರಣ ಮನೆಯ ಪಂಕ್ತಿಯಲ್ಲಿರುತ್ತದೆ.

ಹೊಟ್ಟೆ ಕಸದ ತೊಟ್ಟಿಯಲ್ಲ. ಅನ್ನ ಹಾಳಾಗಬಾರದು ಅನ್ನುವುದು ನಿಜ. ಅದಕ್ಕೆ ದಾರಿ ಕಡಿಮೆ ಅಡುಗೆ ಮಾಡುವುದು, ಕಡಿಮೆ ಬಡಿಸಿಕೊಳ್ಳುವುದು. ಉಳಿದದ್ದನ್ನೆಲ್ಲ ತಾಯಿಯ ಹೊಟ್ಟೆಗೆ ತುಂಬುವುದಲ್ಲ. ನಮ್ಮ ಮನೆಯಲ್ಲಿ ಈಗ ಎಲ್ಲರೂ ಒಟ್ಟಿಗೆ ಕೂರುತ್ತೇವೆ. ನನ್ನ ಪುಟ್ಟ ಬಟ್ಟಲಿಗೆ ಮೊಟ್ಟೆಯೋ ಕಾಳೋ ಮೊದಲು ಬೀಳುತ್ತದೆ, ಬಡಿಸುವುದು ನನ್ನ ಮಗ. ಇದು ಔಷಧ ಮಾತ್ರವಲ್ಲ, ಸಮತೆಯ ಆಚರಣೆ. ಗಂಡಸರು ಇದನ್ನು ಓದುತ್ತಿದ್ದರೆ, ಇಂದು ರಾತ್ರಿ ನಿಮ್ಮ ಮನೆಯಲ್ಲಿ ಯಾರು ಕೊನೆಗೆ ಉಣ್ಣುತ್ತಾರೆ ನೋಡಿ.

*"ಒಲ್ಲೆ" ಎನ್ನುವ ಕಷ್ಟ*

ನಮ್ಮ ಅಜ್ಜಿಯ ಕಾಲಕ್ಕೆ ಅನ್ನ ಎಂದರೆ ಹಬ್ಬ. ಹಸಿವು ಕಂಡವರು ಅವರು. "ಹೊಟ್ಟೆ ತುಂಬ ಉಣ್ಣು ಮಗಾ" ಎಂಬುದೇ ಅವರ ಆಶೀರ್ವಾದ. ಇನ್ನೊಂದು ಮುದ್ದೆ ಹಾಕುವುದೇ ಅವರ ಪ್ರೀತಿ. ಅಂಥ ಮನೆಯಲ್ಲಿ ಎರಡು ಚಮಚ ಉಂಡು ಕೈ ತೊಳೆದರೆ ಅವರ ಮುಖ ಬಾಡುತ್ತದೆ.

ಅದಕ್ಕೂ ಆಳವಾದ ಗಾಯ ಇನ್ನೊಂದಿದೆ. ನಮ್ಮ ಕೇರಿಗೆ ಬಂದು ನಮ್ಮ ಮನೆಯ ನೀರನ್ನೂ ಮುಟ್ಟದೆ "ಈಗಷ್ಟೇ ಊಟ ಆಯ್ತು" ಎಂದು ಹೇಳಿ ಹೋದವರನ್ನು ನಾವು ನೂರಾರು ಸಲ ಕಂಡಿದ್ದೇವೆ. ಊಟ ಬೇಡ ಎನ್ನುವುದು ನಮ್ಮಲ್ಲಿ ಬರೀ ಊಟದ ಮಾತಲ್ಲ. ಆದ್ದರಿಂದ ಚಿಕಿತ್ಸೆಯಾದವರು ನೆಂಟರ ಮನೆಯಲ್ಲಿ ತಟ್ಟೆಯನ್ನು ದೂರ ತಳ್ಳಬಾರದು. ಜೊತೆಯಲ್ಲಿ ಕೂರಿ. ಅವರು ಮಾಡಿದ್ದರಲ್ಲಿ ಒಂದು ತುಂಡು, ಒಂದು ಚಮಚ ಸಾರು ಪ್ರೀತಿಯಿಂದ ತೆಗೆದುಕೊಂಡು, ಸವಿದು, ಚೆನ್ನಾಗಿದೆ ಎಂದು ಹೇಳಿ. "ಅವ್ವ, ನನ್ನ ಹೊಟ್ಟೆ ಈಗ ಕೂಸಿನ ಹೊಟ್ಟೆಯಷ್ಟು. ಉಳಿದದ್ದನ್ನು ಡಬ್ಬಿಗೆ ಹಾಕಿಕೊಡು, ನಾಳೆ ಉಣ್ಣುತ್ತೇನೆ" ಎಂದು ನಿಜವನ್ನೇ ಹೇಳಿ. ಸಮ್ಮಾವಾಚಾ ಎಂದರೆ ಇದೂ ಹೌದು: ನಿಜವೂ ಆಗಿರಬೇಕು, ಮೃದುವೂ ಆಗಿರಬೇಕು.

ಬಡಿಸುವವರಿಗೂ ಒಂದು ಮಾತು. ಬೇಡ ಎಂದ ಮೇಲೆ ಎಲೆಗೆ ಹಾಕಬೇಡಿ. ಒತ್ತಾಯದ ಒಂದು ಸೌಟು ನಮಗೆ ರಾತ್ರಿಯಿಡೀ ಸಂಕಟ ಕೊಡಬಲ್ಲದು.

*ಎರಡು ಅತಿಗಳು*

ಬೋಧಿಸತ್ವರು ಪಕ್ಕೆಲುಬು ಎಣಿಸುವಷ್ಟು ಉಪವಾಸ ಮಾಡಿ, ಅದು ದಾರಿಯಲ್ಲ ಎಂದು ಅರಿತು, ಮತ್ತೆ ಆಹಾರ ತೆಗೆದುಕೊಂಡರು. ಆಮೇಲೆ ಸಾರನಾಥದಲ್ಲಿ ಐವರಿಗೆ ಹೇಳಿದ್ದು ಮಧ್ಯಮ ಮಾರ್ಗ. ಚಿಕಿತ್ಸೆಯಾದವರಿಗೂ ಎರಡು ಅತಿಗಳಿವೆ. ಒಂದು, ಮತ್ತೆ ಬಾಯಾಡಿಸುವುದು. ಇನ್ನೊಂದು, ತೂಕದ ಯಂತ್ರದ ಮೇಲೆ ದಿನಕ್ಕೆ ಮೂರು ಸಲ ನಿಂತು, ಊಟವನ್ನೇ ಶತ್ರುವೆಂದು ಹೆದರುವುದು. ಅಂದಚಂದಕ್ಕಲ್ಲ ಎಂಬ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಸಡಿಲವಾದ ಚರ್ಮ, ಉದುರಿದ ಕೂದಲು ಕಂಡು ಕುಗ್ಗಬೇಡಿ. ಇಳಿದ ಕಿಲೋ ಕಂಡು ಬೀಗಲೂ ಬೇಡಿ. ಮೆಟ್ಟಿಲು ಹತ್ತಿ ವಿಹಾರಕ್ಕೆ ಬರಲು, ಅರ್ಧ ಗಂಟೆ ನೆಟ್ಟಗೆ ಕೂತು ಧ್ಯಾನ ಮಾಡಲು, ಸಮಾಜದ ಕೆಲಸಕ್ಕೆ ಓಡಾಡಲು ಈ ದೇಹ ಒದಗುತ್ತಿದೆಯೇ? ಅಳೆಯಬೇಕಾದ್ದು ಅದನ್ನು.

*ನಾವೆಲ್ಲರೂ ಸುದಸ್ಸನರಾಗೋಣ*

ರಾಜನಿಗೆ ದಿನಕ್ಕೆ 100 ಕಹಾಪಣ ಕೊಡುವ ಶಕ್ತಿ ಇತ್ತು. ನಮ್ಮ ತಂಗಿಗೆ ಇಲ್ಲ. ಅವಳಿಗೆ ಇರುವುದು ಸಂಘ. ಕಲ್ಯಾಣಮಿತ್ರರು ಎಂದರೆ ನಾವೇ. ಭಾನುವಾರದ ವಂದನೆಯ ನಂತರ ಊಟಕ್ಕೆ ಕೂತಾಗ ಒಂದು ಚಿಕ್ಕ ತಟ್ಟೆ ತಂದಿಡೋಣ, ಅನ್ನದ ಜೊತೆ ಬೇಯಿಸಿದ ಕಾಳೂ ಮೊಟ್ಟೆಯೂ ಇರಲಿ. "ಎಷ್ಟು ಕೆ.ಜಿ. ಇಳಿದ್ರಿ?" ಎಂದು ನಾಲ್ಕು ಜನರ ಮುಂದೆ ಕೇಳದಿರೋಣ. ಬದಲಿಗೆ "ಮಾತ್ರೆ ತಗೊಂಡ್ರಾ ಅಕ್ಕ? ಆರಾಮಾಗಿದ್ದೀರಾ?" ಎಂದು ಕೇಳೋಣ. ಸುದಸ್ಸನ ರಾಜನ ಕೈಯಿಂದ ತುತ್ತು ಕಿತ್ತುಕೊಳ್ಳಲಿಲ್ಲ. ಗಾಥೆ ನೆನಪಿಸಿದ, ಅಷ್ಟೇ. ನಿಲ್ಲಿಸಿದವನು ರಾಜನೇ.

*ಇಂದಿನ ಅಭ್ಯಾಸ* (ಚಿಕಿತ್ಸೆಯಾದವರಿಗೂ ಆಗದವರಿಗೂ)

1. ಮೊದಲ ತುತ್ತಿಗೆ ಮುಂಚೆ ಮೂರು ಉಸಿರು ಗಮನಿಸಿ. ಇದು ಹೊಟ್ಟೆಯ ಹಸಿವೋ, ಮನಸ್ಸಿನ ಬೇಸರವೋ ಕೇಳಿಕೊಳ್ಳಿ.

2. ಫೋನು, ಟಿವಿ ಪಕ್ಕಕ್ಕಿಡಿ. ಅಗಿಯುವುದನ್ನು ಅಗಿಯುವುದೆಂದೇ ತಿಳಿಯಿರಿ.

3. "ಇನ್ನೂ ಸ್ವಲ್ಪ" ಎನ್ನಿಸಿದಾಗ ಚಮಚ ಕೆಳಗಿಟ್ಟು ಒಂದು ನಿಮಿಷ ಕಾಯಿರಿ. ಹಳೆಯ ವೇದನೆ ಹೋಗಿದ್ದರೆ ಅಲ್ಲಿಗೆ ಸಾಕು.

4. ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣಿ.

ಪ್ರತಿಯೊಬ್ಬರ ದೇಹ ಬೇರೆ, ಚಿಕಿತ್ಸೆಯೂ ಬೇರೆ. ಊಟದ ಪ್ರಮಾಣ, ಮಾತ್ರೆಗಳ ವಿಷಯದಲ್ಲಿ ನಿಮ್ಮ ವೈದ್ಯರು ಮತ್ತು ಆಹಾರ ತಜ್ಞರ ಮಾತೇ ಅಂತಿಮ. ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ತಪ್ಪಿಸಬೇಡಿ.

ಹಸಿದವರಿಗೆ ಅನ್ನ ಸಿಗಲಿ. ಉಣ್ಣುವವರಿಗೆ ಅಳತೆ ತಿಳಿಯಲಿ. ಬಡಿಸುವ ಕೈಗಳಿಗೂ ಪಂಕ್ತಿಯಲ್ಲಿ ಜಾಗ ಇರಲಿ. ಎಲ್ಲರಿಗೂ ಮಂಗಳವಾಗಲಿ.

ನಮೋ ಬುದ್ಧಾಯ. ಜೈ ಭೀಮ್. 🙏

(ಉಪಯೋಗವೆನಿಸಿದರೆ ನಿಮ್ಮ ಬಂಧುಗಳಿಗೂ ಕಳುಹಿಸಿ.)